ಕಂಕುಳ ಬಿಗಿ

ಜನವರಿ ೯

ಅಪ್ಪಾ,

ಫೋನಿನಲ್ಲಿ ನೀನು "ಹಲೋ, ಊಟ ಆಯ್ತಾ, ಸರಿ, ಇಡ್ತೀನಿ" ಎಂದು ಒಂದೇ ಉಸಿರಿಗೆ ಮುಗಿಸಿಬಿಡುತ್ತೀಯ. ಹಿಂದೆ ಮಿಷನ್ನು ಗರ್ರ್ ಎನ್ನುತ್ತಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ನನ್ನ ಮಾತು ಮುಗಿಯುವ ಮೊದಲು ಕಟ್ ಆಗುವುದಿಲ್ಲ.

ಗೆದ್ದೆ ಅಪ್ಪಾ! ಹೋದ ಸಲ ಮನೆಗೆ ಬಂದಾಗ, ಭತ್ತದೊಳಗಿನ ಒಂದು ಜೀನನ್ನು ಕೆಡಿಸಿ ಸಸಿ ಬೆಳೆಸುತ್ತಿದ್ದೇವೆ ಎಂದಿದ್ದೆನಲ್ಲ, ಅದು ತೆನೆ ಬಿಟ್ಟಿದೆ. ಕಾಳು ನೋಡಬೇಕು ನೀನು. ಮಾಮೂಲಿ ಕಾಳಿನ ಪಕ್ಕದಲ್ಲಿಟ್ಟರೆ ಅಣ್ಣ ತಮ್ಮ ಅಲ್ಲ, ಅಪ್ಪ ಮಗ. ನಮ್ಮ ಮುಖ್ಯಸ್ಥೆ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಎಲ್ಲಿ ತಪ್ಪಿದೆಯೋ ಅಲ್ಲಿಗೇ ಚುಚ್ಚುತ್ತಾರೆ ಎಂದು ನಾವು ಅವರನ್ನು ಬೆನ್ನ ಹಿಂದೆ ಸೂಜಿ ಮೇಡಂ ಎನ್ನುತ್ತೇವೆ. ಅವರೇ ಕಾಳನ್ನು ಅಂಗೈಯಲ್ಲಿ ಹೊರಳಿಸಿ "ಪರವಾಗಿಲ್ವೇ" ಎಂದರು.

ಜೀನ್ ಅಂದರೇನು ಎಂದು ಕೇಳಿ, ನಾನು ಹೇಳುವಷ್ಟರಲ್ಲಿ ನೀನು ಎದ್ದು ಹೋಗಿದ್ದೆ. ಈಗ ಕೇಳು. ಗಿಡದ ಕಣ ಕಣದಲ್ಲೂ ಇರುವ ಅಪ್ಪಣೆಗಳಲ್ಲಿ ಒಂದು ಅದು. ಇನ್ನು ನಿನಗೆ ಇಷ್ಟವಾಗುವ ಸಂಗತಿ. ಭತ್ತದಲ್ಲಿ ಅಂಗಿ ಮೊದಲು, ಮೈ ಆಮೇಲೆ! ಹೂವಾಗುವ ಹೊತ್ತಿಗೇ ಹೊಟ್ಟು ತನ್ನ ಅಳತೆಗೆ ಬೆಳೆದು ನಿಂತಿರುತ್ತದೆ. ಅಕ್ಕಿ ಆಮೇಲೆ ಹಾಲಿನ ಹಾಗೆ ಅದರೊಳಗೆ ತುಂಬಿ ಗಟ್ಟಿಯಾಗುತ್ತದೆ. ಅಂಗಿ ಎಷ್ಟೋ ಅಕ್ಕಿಯೂ ಹೆಚ್ಚೆಂದರೆ ಅಷ್ಟೇ. ನಮ್ಮ ಜೀನು ಆ ಹೊಟ್ಟಿಗೆ "ಇನ್ನು ಸಾಕು" ಎಂದು ಹೇಳುವ ಜೀನು. ನಾವು ಅದರ ಬಾಯಿ ಮುಚ್ಚಿಸಿದೆವು. ಸಾಕು ಎನ್ನುವವರು ಇಲ್ಲದೆ ಹೊಟ್ಟು ಬೆಳೆಯಿತು, ಒಳಗೆ ಅಕ್ಕಿಯೂ ಬೆಳೆಯಿತು.

ಗಿಡ ಮಾತ್ರ ಸ್ವಲ್ಪ ಕುಳ್ಳು. ಕುಂಡ ಚಿಕ್ಕದು, ಅದಕ್ಕೇ ಇರಬೇಕು. ಮುಂದಿನ ಸಲ ದೊಡ್ಡ ತೊಟ್ಟಿಯಲ್ಲಿ ನೆಡುತ್ತೇನೆ.

ಅಮ್ಮ ದೊಡ್ಡಮ್ಮನ ಮನೆಗೆ ಹೋದಾಗ ನೀನು "ಎರಡು ದಿನ ಇದ್ದು ಬರ್ತಾಳೆ ಬಿಡು" ಅಂದಿದ್ದೆ. ಎರಡು ತಿಂಗಳಾಯಿತು. ಕರೆದೆಯಾ?

ನಿನ್ನ
ಗಿಡ್ಡಿ

ಜನವರಿ ೨೧

ಗಿಡ್ಡೀ,

ಕಾಗದ ಸಿಕ್ಕಿತು. ಅರ್ಧ ಓದಿ ಇಟ್ಟೆ, ಗಿರಾಕಿ ಬಂದರು. ಆಮೇಲೆ ಪೂರ್ತಿ ಓದಿದೆ, ಕೋಪ ಮಾಡಿಕೊಳ್ಳಬೇಡ.

ಅಂಗಿ ಮೊದಲು, ಮೈ ಆಮೇಲೆ! ಎಂಥ ಪುಣ್ಯವಂತನಮ್ಮಾ ಆ ಭತ್ತದ ಟೈಲರು! ನನ್ನ ಗಿರಾಕಿಗಳೂ ಹಾಗಿದ್ದಿದ್ದರೆ, ಹೊಲಿದದ್ದು ಕೈಗೆ ಕೊಟ್ಟು "ಹೋಗಿ ಸಾರ್, ಇದಕ್ಕೆ ಸರಿಯಾಗಿ ಬೆಳ್ಕೊಂಡು ಬನ್ನಿ" ಎಂದು ಕಳಿಸಿ ಕಾಲು ಚಾಚಿ ಕೂರುತ್ತಿದ್ದೆ. ಸೂಜಿ ಮೇಡಂಗೆ ನನ್ನ ನಮಸ್ಕಾರ ಹೇಳು. ಹೆಸರು ಚೆನ್ನಾಗಿದೆ.

ನಿಮ್ಮಮ್ಮನ ವಿಷಯ. ನಾನು ಯಾಕೆ ಕರೆಯಬೇಕು? ಹೋಗು ಅಂತ ಕಳಿಸಿದವನು ನಾನಾ? ಏನಾಯಿತು ಎಂದು ಅವಳು ನಿನಗೆ ಹೇಳಿರುತ್ತಾಳೆ, ನನ್ನ ಬಾಯಿಂದಲೂ ಕೇಳು. ಶಾಲೆಯ ದೊಡ್ಡ ಮೇಡಂ ಅಂಗಡಿಗೆ ಬಂದು ಹೊಲಿಗೆಯನ್ನು ಹೊಗಳುತ್ತಿದ್ದರು. "ಒಳಗೆ ಕೂತಿರೋರು ಯಾರು ಮಾಸ್ಟ್ರೇ?" ಅಂದರು. "ಅವಳಾ? ಗುಂಡಿ ಹಚ್ಚೋಳು" ಅಂದೆ. ತಮಾಷೆಗೆ! ಮೇಡಂ ನಕ್ಕರು. ನಿಮ್ಮಮ್ಮ ಕೈಯಲ್ಲಿದ್ದ ಅಂಗಿಗೆ ಕಡೇ ಗುಂಡಿ ಹಚ್ಚಿ, ದಾರ ಹಲ್ಲಲ್ಲಿ ಕಚ್ಚಿ, ಎದ್ದು ಮನೆಯೊಳಗೆ ಹೋದವಳು ಚೀಲ ಹಿಡಿದೇ ಈಚೆಗೆ ಬಂದಳು. "ಗುಂಡಿ ಹಚ್ಚಿ ಆಯ್ತು" ಅಂದಳು, ಹೊರಟಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಅಲ್ಲಿಗೇ ಮುಗಿಸುತ್ತಿದ್ದೆ.

ಅಂಗಡಿ ಜೋರಾಗಿ ನಡೆಯುತ್ತಿದೆ. ಅಳತೆ, ಕಟಿಂಗು ಮೊದಲೂ ನನ್ನದೇ. ಈಗ ಪಕ್ಕದ ಹೊಲಿಗೆ, ಕಂಕುಳು, ಕಾಜ, ಗುಂಡಿ ಕೂಡ ನಾನೇ. ಏನು ಮಹಾ? ಅವಳು ಹೋಗುವ ಮೊದಲೇ ಪೇಂಟರಿಗೆ ಹೇಳಿಟ್ಟಿದ್ದ ಹೊಸ ಬೋರ್ಡೂ ಬಂತು, ಹಾಕಿಸಿದೆ: "ಟೈಲರ್ ಮಾಸ್ಟರ್". ಪೇಂಟರ್ ಪುಣ್ಯಾತ್ಮ ಎಡಗಡೆ ಒತ್ತಿ ಬರೆದು ಬಲಗಡೆ ಒಂದು ಮೊಳ ಖಾಲಿ ಬಿಟ್ಟಿದ್ದಾನೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮೂರು ಶರ್ಟು ವಾಪಸು ಬಂದವು. ಕಂಕುಳಲ್ಲಿ ಹಿಡಿಯುತ್ತಂತೆ. ಜನ ದಪ್ಪಗಾಗುತ್ತಿದ್ದಾರೆ, ಅದಕ್ಕೆ ನಾನೇನು ಮಾಡಲಿ? ಟೇಪು ಹಳೆಯದಾಗಿ ಎಳೆದುಕೊಂಡಿರಬಹುದು ಎಂದು ಹೊಸದು ತಂದಿದ್ದೇನೆ.

ಇಂತಿ
ಮಾಸ್ಟರ್ (ನಿಮ್ಮಪ್ಪ)

ಮಾರ್ಚ್ ೩

ಅಪ್ಪಾ,

ಕುಂಡದ ತಪ್ಪಲ್ಲ. ದೊಡ್ಡ ತೊಟ್ಟಿಯಲ್ಲಿ ನೆಟ್ಟೆ, ಮಣ್ಣು ಬದಲಿಸಿದೆ, ನೀರು ಅಳೆದು ಕೊಟ್ಟೆ. ಪಕ್ಕದ ಸಾಲಿನ ಮಾಮೂಲಿ ಭತ್ತ ಸೊಂಟಕ್ಕೆ ಬರುತ್ತಿದೆ, ನನ್ನ ಹೆಮ್ಮೆಯ ಗಿಡಗಳು ಮೊಣಕಾಲು ದಾಟಿಲ್ಲ. ಬುಡದಲ್ಲಿ ಹೊಸ ಕವಲು ಒಡೆಯುತ್ತವಲ್ಲ, ತೆಂಡೆ ಅನ್ನುತ್ತಾರೆ, ಅದೂ ಎರಡೋ ಮೂರೋ. ಒಂದೊಂದು ತೆಂಡೆಗೆ ಒಂದೊಂದು ತೆನೆ. ತೆಂಡೆಯೇ ಇಲ್ಲದ ಮೇಲೆ ಕಾಳು ಎಷ್ಟು ದಪ್ಪಗಿದ್ದರೇನು? ಹೋದ ಬೆಳೆಯ ಒಂದು ಗಿಡದ ಕಾಳೆಲ್ಲ ಬಡಿದು ತೂಗಿದರೆ ಮಾಮೂಲಿಗಿಂತ ಕಡಿಮೆಯೇ.

ಸೂಜಿ ಮೇಡಂ ಚುಚ್ಚಿದರು. "ಅಂಗೈಯಲ್ಲಿ ನೋಡಿ ಹಿಗ್ಗಿದ್ವಿ, ಗಿಡ ನೋಡ್ಲೇ ಇಲ್ಲ. ಆಗಸ್ಟಿನ ಸಭೆವರೆಗೆ ಟೈಮಿದೆ. ಅಷ್ಟ್ರಲ್ಲಿ ದಾರಿ ಕಾಣ್ದಿದ್ರೆ ಈ ಬೀಜ ಎಲ್ಲ ಸುಟ್ಟು ಹಾಕಿ ಬೇರೆ ಕೆಲ್ಸ ಹಿಡಿಯೋಣ" ಎಂದರು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಸೋತಿಲ್ಲ. ಒಂದೇ ಜೀನು ಎರಡು ಕಡೆ ಎರಡು ಕೆಲಸ ಮಾಡುತ್ತಿತ್ತು, ನಾವು ಒಂದನ್ನೇ ನೋಡಿದ್ದೆವು. ಹೊಟ್ಟಿಗೆ "ಸಾಕು" ಎನ್ನುತ್ತಿದ್ದುದೇ ಬುಡಕ್ಕೆ "ಏಳು, ಕವಲೊಡಿ" ಎನ್ನುತ್ತಿತ್ತು. ಅದರ ಬಾಯಿ ಮುಚ್ಚಿಸಿದಾಗ ಎರಡು ಮಾತೂ ನಿಂತುಹೋದವು.

ನಗು ಬರುವುದು ಏನೆಂದರೆ ಅದರ ಹೆಸರು. ನಮ್ಮಲ್ಲಿ ಜೀನಿಗೆ ಸಾಮಾನ್ಯವಾಗಿ ಅದು ಕೆಟ್ಟಾಗ ಏನಾಗುತ್ತದೋ ಅದನ್ನೇ ಹೆಸರಿಡುತ್ತಾರೆ. ಸರಿಯಾಗಿರುವಾಗ ಏನು ಮಾಡುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲವಲ್ಲ. ಇದು ಕೆಟ್ಟಾಗ ಕಾಳು ದೊಡ್ಡದಾಯಿತು, ಹಾಗಾಗಿ ಇದರ ಹೆಸರು "ದೊಡ್ಡಕಾಳು". ಜೀವಮಾನವೆಲ್ಲ ಕಾಳನ್ನು ಹದ್ದುಬಸ್ತಿನಲ್ಲಿ ಇಟ್ಟದ್ದಕ್ಕೆ ಸಿಕ್ಕ ಬಿರುದು!

ಅಮ್ಮನನ್ನು ಕರೆದೆಯಾ ಎಂದು ಈ ಸಲ ಕೇಳುವುದಿಲ್ಲ.

ಗಿಡ್ಡಿ

ಮಾರ್ಚ್ ೧೪

ಗಿಡ್ಡೀ,

ಇದೆಂಥ ಅನ್ಯಾಯ! ಕೆಟ್ಟಾಗ ಆಗುವುದನ್ನೇ ಹೆಸರಾಗಿ ಇಡುವುದಾ? ನಾಳೆ ನಾನು ಜ್ವರ ಬಂದು ಮಲಗಿ ಅಂಗಡಿ ಮುಚ್ಚಿದರೆ ನನ್ನ ಹೆಸರು "ಬಾಗಿಲು ಹಾಕಿದೆ" ಅಂತಲಾ? ಓದಿದವರು ಮಾಡುವ ಕೆಲಸವಾ ಇದು? ಗಿಡ ಕುಳ್ಳಾದರೆ ಒಂದು ಬುಟ್ಟಿ ಗೊಬ್ಬರ ಜಾಸ್ತಿ ಹಾಕು, ಏಳುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಸಭೆ ಯಾಕೆ?

ಇಲ್ಲಿ ಒಂದು ಫಜೀತಿಯಾಯಿತು. ಬ್ಯಾಂಡಿನವರು ಹೊಸ ಕೋಟು ಹೊಲಿಸಿದ್ದರು, ಕೆಂಪು ಬಟ್ಟೆ, ಚಿನ್ನದ ಬಣ್ಣದ ಪಟ್ಟಿ. ಹಾಕಿಕೊಂಡು ನನ್ನ ಅಂಗಡಿ ಮುಂದೆಯೇ ಸಾಲಾಗಿ ನಿಂತರು, ರಾಜಕುಮಾರರ ಹಾಗೆ. ನಾನು ಹೊರಗೆ ಬಂದು ಕೈ ಕಟ್ಟಿ ನಿಂತೆ, ಬೀದಿಯವರೆಲ್ಲ ನೋಡಲಿ ಎಂದು. ತುತ್ತೂರಿಯವನು ಎರಡೂ ಕೈ ಮೇಲೆತ್ತಿ ಊದಲು ಉಸಿರೆಳೆದ. ಚರ್ರ್! ಎಡ ಕಂಕುಳು ಹರಿಯಿತು. ಡೋಲಿನವನು ಕೋಲೆತ್ತಿದ. ಚರ್ರ್! ಅವನಿಗೆ ಎರಡೂ ಕಡೆ. ಬೀದಿಯ ಮಕ್ಕಳು ಅದೂ ವಾದ್ಯದ್ದೇ ಸದ್ದು ಎಂದುಕೊಂಡು ಚಪ್ಪಾಳೆ ತಟ್ಟಿದವು. ತುತ್ತೂರಿಯವನು "ಮಾಸ್ಟ್ರೇ, ಹೋದ ಸಲದ ಕೋಟು ಹಾಕ್ಕೊಂಡು ಮರ ಹತ್ತಿದ್ರೂ ಏನೂ ಆಗ್ತಿರ್ಲಿಲ್ಲ" ಅಂದ. ಅದೇ ಅಳತೆ ಮಗಳೇ, ಅದೇ ಕೈ! ನನ್ನ ಅಳತೆ ಯಾವತ್ತೂ ತಪ್ಪುವುದಿಲ್ಲ.

ಹೊಸ ಟೇಪು ಎಸೆದು ಹಳೆಯದನ್ನೇ ಹುಡುಕಿ ತೆಗೆದಿದ್ದೇನೆ.

ಮಾಸ್ಟರ್

ಮೇ ೨

ಅಪ್ಪಾ,

ಡೋಲಿನವನ ವಿಷಯ ಓದಿ ಇಲ್ಲಿ ಹಸಿರುಮನೆಯಲ್ಲಿ ಒಬ್ಬಳೇ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ನೀನು ಹೇಳಿದ್ದೀಯಲ್ಲಾ ಎಂದು ಗೊಬ್ಬರವನ್ನೂ ಹಾಕಿ ನೋಡಿದೆ. ಎಲೆ ದಟ್ಟ ಹಸಿರಾಯಿತು, ಗಿಡ ಒಂದು ಬೆರಳೂ ಏಳಲಿಲ್ಲ. ನಿನ್ನ ಗೊಬ್ಬರದ ಹುದ್ದೆ ಇಲ್ಲಿಗೆ ಮುಗಿಯಿತು.

ನನಗೆ ದಾರಿ ಕಂಡಿದೆ. ಜೀನನ್ನು ಪೂರ್ತಿ ಕೆಡಿಸಬಾರದು. ಅದರ ಮುಂಭಾಗದಲ್ಲಿ ಎಲ್ಲಿ, ಯಾವಾಗ, ಎಷ್ಟು ಜೋರಾಗಿ ಮಾತಾಡಬೇಕು ಎಂದು ಹೇಳುವ ತುಂಡೊಂದಿದೆ. ಅಲ್ಲಿ ಚೂರೇ ಚೂರು ಬದಲಿಸಿದ ಸಸಿಗಳು ನಮ್ಮ ಹತ್ತಿರ ಮೊದಲೇ ಇದ್ದವು, ಕಾಳು ಅಷ್ಟೇನೂ ದೊಡ್ಡದಾಗಲಿಲ್ಲ ಎಂದು ಮೂಲೆಗೆ ತಳ್ಳಿದ್ದೆವು. ಅದರ ಬೀಜವನ್ನು ಹೋದ ತಿಂಗಳು ಬಿತ್ತಿದೆ. ಅದರಲ್ಲಿ ಜೀನು ಹೊಟ್ಟಿಗೆ ಮೆಲ್ಲಗೆ "ಸಾಕು" ಎನ್ನಬೇಕು, ಬುಡಕ್ಕೆ ಮೊದಲಿನ ಹಾಗೇ ಗಟ್ಟಿಯಾಗಿ "ಏಳು" ಎನ್ನಬೇಕು. ಎನ್ನುತ್ತದೆ, ನೋಡುತ್ತಿರು. ಸೂಜಿ ಮೇಡಂ "ಅಷ್ಟೊಂದು ಗ್ಯಾರಂಟಿನಾ?" ಎಂದರು. "ಹೌದು ಮೇಡಂ, ಟೈಲರ್ ಮಗಳು ನಾನು, ಅಹಂಕಾರ ಮನೆಯಿಂದಾನೇ ಬಂದಿದೆ" ಎಂದೆ. ನಕ್ಕರು! ದಾಖಲೆ ಇದು.

ಅಮ್ಮ ಬರೆದಿದ್ದಳು. ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಮೇಜು ಹಾಕಿಕೊಂಡಿದ್ದಾಳೆ. ಆ ಊರಿನ ಇಡೀ ಶಾಲೆಯ ಸಮವಸ್ತ್ರ ಅವಳ ಕೈಯಲ್ಲಿದೆ. ಅಳತೆ, ಕಟಿಂಗು, ಹೊಲಿಗೆ, ಎಲ್ಲ. ನಿನಗೆ ಹೇಳು ಎಂದಿಲ್ಲ, ಹೇಳಬೇಡ ಎಂದೂ ಇಲ್ಲ. ನಾನೇ ಹೇಳುತ್ತಿದ್ದೇನೆ, ಯಾಕೆಂದರೆ ಅವಳಿಗೆ ಅಲ್ಲೇ ನೆಲೆ ನಿಲ್ಲುತ್ತಿದೆ ಅಪ್ಪಾ. ನೀನು ಕರೆಯದಿದ್ದರೆ ಅವಳು ಬರುವುದಿಲ್ಲ. ಕೋಪಕ್ಕಲ್ಲ, ಅವಳಿಗೆ ಈಗ ಪುರುಸೊತ್ತಿಲ್ಲ. ನನಗೆ ನೀವಿಬ್ಬರೂ ಒಂದೇ ಮನೆಯಲ್ಲಿ ಬೇಕು. ಅದನ್ನು ಸುತ್ತಿ ಬಳಸಿ ಹೇಳಿ ನನಗೆ ಸಾಕಾಗಿದೆ.

ಗಿಡ್ಡಿ

ಮೇ ೧೯

ಗಿಡ್ಡೀ,

ಈ ಕಾಗದವನ್ನು ಯಾರಿಗೂ ತೋರಿಸಬೇಡ.

ತುತ್ತೂರಿಯವನು ತನ್ನ ಹಳೇ ಕೋಟು ತಂದುಕೊಟ್ಟ. "ಇದನ್ನೇ ನೋಡ್ಕೊಂಡು ಹೊಲೀರಿ ಮಾಸ್ಟ್ರೇ" ಎಂದು. ನನಗೆ ನನ್ನದೇ ಕೋಟು ನೋಡಿಕೊಂಡು ಹೊಲಿ ಎನ್ನುತ್ತಾನೆ! ಮೈಯೆಲ್ಲ ಉರಿಯಿತು. ಆದರೂ ಕಂಕುಳ ಹೊಲಿಗೆ ಬಿಚ್ಚಿದೆ. ನಾನು ಕತ್ತರಿಸುವಾಗ ಹೊಲಿಗೆ ಎಲ್ಲಿ ಬರಬೇಕೋ ಅಲ್ಲಿ ಅಂಚಿನಲ್ಲಿ ಸಣ್ಣ ಕಚ್ಚು ಹಾಕುತ್ತೇನೆ, ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ "ಇಲಿ ಕಚ್ಚಿದೆ" ಎನ್ನುತ್ತಿದ್ದೆ. ನನ್ನ ಕಚ್ಚು ಒಂದು ಕಡೆ ಇದೆ, ಹೊಲಿಗೆ ಅದರಿಂದ ಅರ್ಧ ಬೆರಳು ಆಚೆ, ಅಂಚಿನ ಕಡೆಗೆ ಹೋಗಿದೆ, ಕಂಕುಳು ಅಷ್ಟು ಸಡಿಲ. ಅವಳ ಹೊಲಿಗೆ. ತಪ್ಪಿ ಹೋದದ್ದಲ್ಲ, ಗೆರೆ ಎಳೆದ ಹಾಗೆ ನೆಟ್ಟಗಿದೆ.

ಒಂದೇ ಕೋಟು ಇರಬಹುದು ಎಂದುಕೊಂಡೆ. ನನ್ನ ಹಳೇ ಶರ್ಟು ಬಿಚ್ಚಿದೆ. ಅದೂ ಹಾಗೇ. ಪಕ್ಕದ ಅಂಗಡಿಯವರದನ್ನು ಬೇಡಿ ತಂದು ಬಿಚ್ಚಿದೆ. ಅದೂ. ಇಷ್ಟು ವರ್ಷ ನಾನು ಕೊಟ್ಟ ಗುರುತನ್ನು ಅವಳು ಒಂದು ದಿನವೂ ಪಾಲಿಸಿಲ್ಲ! ನಾನು "ಮಾಸ್ಟ್ರ ಕೈ ಅಂದ್ರೆ ಮಾಸ್ಟ್ರ ಕೈ" ಎಂದು ಜನ ಹೊಗಳಿದಾಗೆಲ್ಲ ಮೀಸೆ ತಿರುವಿಕೊಂಡೆ, ಅವಳು ಒಳಗೆ ತಲೆ ಬಗ್ಗಿಸಿ ಕಾಜ ಹಾಕುತ್ತಿದ್ದಳು. ಒಂದು ಮಾತು ಹೇಳಲಿಲ್ಲವಲ್ಲ ಮಗಳೇ. ಬಿಚ್ಚಿದ ಬಟ್ಟೆಗಳನ್ನು ಮುಂದೆ ಹರಡಿಕೊಂಡು ಕೂತಿದ್ದೆ. ಗಿರಾಕಿ ಬಂದರೂ ಏಳಲಿಲ್ಲ.

ನಿಮ್ಮ ಹೆಸರಿಡುವ ಲೆಕ್ಕ ಈಗ ಅರ್ಥವಾಯಿತು. ಅದು ಇಲ್ಲದಾಗ ಏನಾಗುತ್ತದೋ ಅದೇ ಹೆಸರು ತಾನೇ? ಆ ಲೆಕ್ಕದಲ್ಲಿ ನಿಮ್ಮಮ್ಮನ ಹೆಸರು "ಕಂಕುಳ ಬಿಗಿ". ನಾನು ಅವಳನ್ನು ಏನೋ ಅಂದುಬಿಟ್ಟೆ. ಅದಕ್ಕಿಂತ ನಿಮ್ಮ ಹೆಸರೇ ವಾಸಿ.

ಅವಳಿಗೆ ನಾನೇ ಬರೆಯುತ್ತೇನೆ. ನೀನು ನಡುವೆ ಮೂಗು ತೂರಿಸಬೇಡ.

ಅಪ್ಪ

ಮೇ ೨೦

ಇವಳೇ,

ಕಂಕುಳಲ್ಲಿ ಎಷ್ಟು ಬಿಡುತ್ತಿದ್ದೆ? ಒಂದು ಕೋಟಿನಲ್ಲಿ ಅರ್ಧ ಬೆರಳು, ಪಕ್ಕದ ಅಂಗಡಿಯವರದರಲ್ಲಿ ಮುಕ್ಕಾಲು, ನನ್ನ ಶರ್ಟಿನಲ್ಲಿ ಒಂದು ಪೂರ್ತಿ ಬೆರಳು. ಯಾವ ಲೆಕ್ಕ ಇದು? ನನಗೆ ತಿಳಿಯುತ್ತಿಲ್ಲ.

ಶಾಲೆಯ ಮೇಡಂ ನಿನ್ನೆ ಬಂದಿದ್ದರು. ಅವರ ಮುಂದೆ ತಿದ್ದಿದೆ. "ಅವತ್ತು ತಪ್ಪು ಹೇಳ್ದೆ ಮೇಡಂ. ನೀವು ಹೊಗಳ್ತಿದ್ದದ್ದು ಅವಳ ಕೈನ" ಎಂದೆ. "ಗೊತ್ತು ಮಾಸ್ಟ್ರೇ, ಅದಕ್ಕೇ ಯಾರು ಅಂತ ಕೇಳಿದ್ದು" ಎಂದರು. ನನ್ನ ಮುಖ ನೋಡಬೇಕಿತ್ತು ನೀನು.

ನಿನ್ನ ಮಗಳ ಭತ್ತದವರ ಲೆಕ್ಕದಲ್ಲಿ ನಿನ್ನ ಹೆಸರು ಕಂಕುಳ ಬಿಗಿ. ಅರ್ಥವನ್ನು ಅವಳನ್ನೇ ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಬಾ. ಬೋರ್ಡಿನಲ್ಲಿ ನಿನ್ನ ಹೆಸರು ಬರೆಸಬೇಕು ಎಂದಿದ್ದರೆ ಬರೆಸುತ್ತೇನೆ. ಏನು ಬರೆಸಬೇಕು ಹೇಳು. ನೀನು ಇಲ್ಲದೆ ನನಗೆ ಆಗುವುದಿಲ್ಲ. ಹೊಲಿಗೆಗೆ ಮಾತ್ರ ಹೇಳುತ್ತಿಲ್ಲ.

ಮಾಸ್ಟರ್ ಎಂದು ಬರೆಯಲು ಹೊರಟಿದ್ದೆ. ಬೇಡ.
ನಿನ್ನವನು

ಜುಲೈ ೬

ಗಿಡ್ಡೀ,

ಉತ್ತರ ಬಂದಿಲ್ಲ. ಕೇಳಬೇಡ. ಭತ್ತ ಹೇಗಿದೆ?

ಅಪ್ಪ

ಆಗಸ್ಟ್ ೧೧

ಅಪ್ಪಾ,

ಎದ್ದು ನಿಂತಿದೆ!

ಗಿಡ ನನ್ನ ಎದೆಮಟ್ಟಕ್ಕಿದೆ. "ನೀನೇ ಗಿಡ್ಡಿ, ನಿನ್ನ ಎದೆಮಟ್ಟ ಯಾವ ಮಹಾ" ಎನ್ನಬೇಡ, ಮಾಮೂಲಿ ಭತ್ತಕ್ಕೆ ಸರಿಸಮ ಇದೆ. ತೆಂಡೆ ತುಂಬಿಕೊಂಡು ಬುಡ ಎರಡು ಕೈಯಲ್ಲಿ ಹಿಡಿಯುವಷ್ಟಾಗಿದೆ. ಕಾಳು ಆ ಮೊದಲಿನ ರಾಕ್ಷಸನಷ್ಟಿಲ್ಲ, ಮಾಮೂಲಿಗಿಂತ ಮಾತ್ರ ಚೆನ್ನಾಗಿ ದಪ್ಪಗಿದೆ. ಒಂದು ಗಿಡದ್ದೆಲ್ಲ ಬಡಿದು ತೂಗಿದಾಗ ನಾನು ತಕ್ಕಡಿಯನ್ನು ನಂಬದೆ ಬೇರೆ ತಕ್ಕಡಿ ತಂದೆ. ಅದೂ ಅದನ್ನೇ ಹೇಳಿತು. ಟೇಪು ಬದಲಿಸುವ ಬುದ್ಧಿ ಯಾರಿಂದ ಬಂತೋ!

ಸಭೆಯಲ್ಲಿ ಸೂಜಿ ಮೇಡಂ ಎರಡು ಗಿಡವನ್ನೂ ಮೇಜಿನ ಮೇಲೆ ಇಡಿಸಿದರು, ಕುಳ್ಳನದನ್ನೂ ಇದನ್ನೂ. "ಮೊದ್ಲು ಗಿಡ ನೋಡಿ, ಆಮೇಲೆ ಕಾಳು" ಎಂದರು ಎಲ್ಲರಿಗೂ. ಬೀಜ ಸುಡುವುದಿಲ್ಲ. ಮುಂದಿನ ಬೆಳೆ ನಿಜವಾದ ಗದ್ದೆಯಲ್ಲಿ, ಗಾಳಿ, ಹುಳ, ಬಿಸಿಲು ಎಲ್ಲ ತಡೆದುಕೊಂಡು ನಿಲ್ಲಬೇಕು. ನಿಲ್ಲುತ್ತದೆ.

ಅಮ್ಮನಿಗೂ ಇದನ್ನೇ ಬರೆದಿದ್ದೇನೆ. ಮೂಗು ತೂರಿಸಿಲ್ಲ, ಭತ್ತದ ವಿಷಯ ಮಾತ್ರ. ಅವಳು ಉತ್ತರ ಬರೆಯುವುದರಲ್ಲಿ ನಿಧಾನ, ಮರೆಯುವವಳಲ್ಲ.

ಗೆದ್ದ
ಗಿಡ್ಡಿ

ಆಗಸ್ಟ್ ೨೪

ರೀ,

ನಿಮ್ಮ ಕಾಗದ ಬಂದಾಗ ಸಮವಸ್ತ್ರದ ಕೆಲಸ ಕುತ್ತಿಗೆವರೆಗೆ ಇತ್ತು. ನಿನ್ನೆ ಕಡೇ ಅಂಗಿ ಕೊಟ್ಟು ಮುಗಿಸಿದೆ. ಒಪ್ಪಿಕೊಂಡ ಕೆಲಸ ಬಿಟ್ಟು ಓಡಿಬರುವವಳು ನಾನಲ್ಲ, ಅದಕ್ಕೇ ತಡವಾಯಿತು. ನೀವು ಹೆದರುವುದಾದರೆ ಹೆದರಿಕೊಳ್ಳಿ ಎಂದೂ ಸ್ವಲ್ಪ ಇತ್ತು.

ಕಂಕುಳಲ್ಲಿ ಎಷ್ಟು ಬಿಡುತ್ತಿದ್ದೆ ಎಂದು ಕೇಳಿದ್ದೀರಿ. ಅದಕ್ಕೆ ಒಂದೇ ಅಳತೆ ಇಲ್ಲ. ನೀವು ಟೇಪು ಹಿಡಿದ ಕೂಡಲೇ ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಂಡು, ಕೈ ಮೈಗೆ ಅಂಟಿಸಿಕೊಂಡು, ಫೋಟೋಗೆ ನಿಂತ ಹಾಗೆ ನಿಲ್ಲುತ್ತಾರೆ. ನೀವು ಆ ಅಳತೆ ಬರೆದುಕೊಳ್ಳುತ್ತೀರಿ. ನಿಮ್ಮ ಅಳತೆ ತಪ್ಪಲ್ಲ, ಅವರು ನಿಂತದ್ದು ಸುಳ್ಳು. ಅವರು ಮೆಟ್ಟಿಲಿಳಿದು ಬೀದಿಗೆ ಹೋಗಿ ಉಸಿರು ಬಿಟ್ಟು ಕೈ ಬೀಸುವುದನ್ನು ನಾನು ಒಳಗಿನಿಂದ ನೋಡುತ್ತಿದ್ದೆ. ಅಷ್ಟಕ್ಕೆ ಹೊಲಿಯುತ್ತಿದ್ದೆ. ನಿಮ್ಮ ಶರ್ಟಿಗೆ ಪೂರ್ತಿ ಬೆರಳು ಯಾಕೆಂದರೆ ನೀವು ಮಾತಾಡುವಾಗ ಎರಡೂ ಕೈ ಎಲ್ಲೆಲ್ಲೋ ಹಾರಾಡುತ್ತವೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೇಳಿದ್ದರೆ ನೀವು ಜಗಳವಾಡಿ ಗೆಲ್ಲುತ್ತಿದ್ದಿರಿ, ಅಂಗಿ ಬಿಗಿಯಾಗುತ್ತಿತ್ತು. ನನಗೆ ಅಂಗಿ ಸರಿಯಾಗುವುದು ಮುಖ್ಯ ಆಗಿತ್ತು. ಅವತ್ತು ನೀವು ಆಡಿದ ಮಾತು ಮಾತ್ರ ನೋಯಿಸಿತು, ತುಂಬಾ ನೋಯಿಸಿತು. ಮೇಡಂ ಮುಂದೆ ತಿದ್ದಿದ್ದು ಒಳ್ಳೆಯದಾಯಿತು. ಅದನ್ನು ಎರಡು ಸಲ ಓದಿದೆ.

ಭಾನುವಾರ ಬರುತ್ತೇನೆ. ಇನ್ನು ಒಳಗಿನ ಕೋಣೆಯಲ್ಲಿ ಕೂರುವುದಿಲ್ಲ. ನನ್ನ ಮೇಜು ಮುಂದೆ, ಕಿಟಕಿ ಬೆಳಕಿಗೆ. ನಿಮ್ಮದನ್ನು ಗೋಡೆ ಕಡೆಗೆ ಸರಿಸಿ. ಅಳತೆ ಇನ್ನು ಇಬ್ಬರೂ ತೆಗೆಯೋಣ, ನೀವು ಒಳಗೆ, ನಾನು ಬೀದಿಯಲ್ಲಿ. ಗುಂಡಿ ನೀವು ಹಚ್ಚಿ. ಕಲಿತಿದ್ದೀರಂತೆ, ಮಗಳು ಹಿಂದೊಮ್ಮೆ ಬರೆದಿದ್ದಳು.

ಬೋರ್ಡಿನಲ್ಲಿ ನನ್ನ ಹೆಸರು ಬೇಡ. "ಟೈಲರ್ ಮಾಸ್ಟರ್" ಎಂದಿದೆಯಲ್ಲ, ಅದರ ಮುಂದೆ "ಗಳು" ಎಂದು ಬರೆಸಿ. ಜಾಗ ಸಾಲುತ್ತದೆ. ಬಲಗಡೆ ಒಂದು ಮೊಳ ಬಿಟ್ಟು ಬರೆಯಿರಿ ಎಂದು ಪೇಂಟರಿಗೆ ಹೊರಡುವ ದಿನವೇ ಹೇಳಿ ಬಂದಿದ್ದೆ.

ಇಂತಿ
ಕಂಕುಳ ಬಿಗಿ